ಚಪ್ಪಟೆ ಹುಳುಗಳ ಹೊರಹೊದಿಕೆ

ಪರಾವಲಂಬಿ ಚಪ್ಪಟೆ ಹುಳುಗಳ ಮೈಯನ್ನು ಆವರಿಸಿರುವ ಜೀವಂತ ಪದರಕ್ಕೆ ಟೆಗ್ಯುಮೆಂಟ್ ಎಂದು ಹೆಸರು. ಕರ್ನಾಟಕದಲ್ಲಿ ದನ, ಎಮ್ಮೆ, ಕುರಿಗಳ ಪಿತ್ತನಾಳಗಳಲ್ಲಿ ನೆಲೆಸುವ ಯಕೃತ್ತಿನ ಹುಳು, ಅಂದರೆ ಫ್ಯಾಸಿಯೋಲಾ ಜೈಗ್ಯಾಂಟಿಕಾ, ಇದಕ್ಕೊಂದು ಉದಾಹರಣೆ.

ನೀರಿನಲ್ಲಿ ಮೊಟ್ಟೆಯೊಡೆದು ಬರುವ ಇದರ ಮರಿಗೆ ಈಜಲು ನೆರವಾಗುವ ಲೋಮಾಂಗಯುತ ಜೀವಕೋಶಗಳಿರುತ್ತವೆ. ಬಸವನಹುಳುವಿನ ಒಡಲನ್ನು ಹೊಗುವಾಗ ಮರಿಯು ಅವನ್ನು ಕಳಚಿಹಾಕುತ್ತದೆ. ಒಳಗಿನ ಕೋಶಗಳಿಂದ ಹೊಸ ಹೊದಿಕೆ ರೂಪುಗೊಳ್ಳುತ್ತದೆ. ಇದರಲ್ಲಿ ಕೋಶಗಳನ್ನು ಬೇರ್ಪಡಿಸುವ ಪೊರೆಗಳಿಲ್ಲ. ಮೇಲ್ಪದರವೆಲ್ಲ ಒಂದೇ ಅಖಂಡ ಕೋಶದ್ರವ್ಯ. ಕೋಶಕೇಂದ್ರಗಳಿರುವ ಭಾಗಗಳು ಸ್ನಾಯುಪದರದ ಕೆಳಗೆ ಹುದುಗಿದ್ದು, ಸಣ್ಣ ಎಳೆಗಳ ಮೂಲಕ ಮೇಲ್ಪದರವನ್ನು ಸೇರುತ್ತವೆ. ಹಿಂದಿನ ಪಠ್ಯಗಳು ಇದನ್ನು ನಿರ್ಜೀವ ಹೊರಪೊರೆಯೆಂದೇ ವರ್ಣಿಸುತ್ತಿದ್ದವು. 1960ರ ದಶಕದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಅಧ್ಯಯನಗಳು ಆ ಎಣಿಕೆಯನ್ನು ತಿದ್ದಿದವು. ಬಾಯಿ, ಕರುಳುಗಳೆರಡೂ ಇಲ್ಲದ ಲಾಡಿಹುಳು ಈ ಪದರದ ಮೂಲಕವೇ ಆಹಾರವನ್ನು ಹೀರಿಕೊಳ್ಳುತ್ತದೆ.

ಯಕೃತ್ತಿನ ಹುಳುವಿನ ಹೊದಿಕೆಯ ಮೇಲ್ಲೇಪ ಸತತವಾಗಿ ಉದುರುತ್ತ, ಕೆಳಗಿನ ಕೋಶಗಳು ಕಳುಹಿಸುವ ಕಣಗಳಿಂದ ಮತ್ತೆ ತುಂಬಿಕೊಳ್ಳುತ್ತದೆ. ಜಾನುವಾರಿನ ರಕ್ತದ ಪ್ರತಿಕಾಯಗಳು ಅಂಟಿಕೊಂಡರೂ ಲೇಪದೊಡನೆ ಕಳಚಿಹೋಗುತ್ತವೆ. ಹುಳು ಬಹುಕಾಲ ಬದುಕುವುದಕ್ಕೆ ಇದೂ ಒಂದು ಕಾರಣ. ಟ್ರೈಕ್ಲಾಬೆಂಡಜೋಲ್ ಔಷಧಿಯು ಈ ದುರಸ್ತಿಯನ್ನೇ ಕೆಡಿಸುವುದರಿಂದ ಹೊದಿಕೆ ಊದಿ, ಬಿರಿದು, ಸುಲಿದುಹೋಗುತ್ತದೆ. ಲಾಡಿಹುಳುವಿನ ಹೊದಿಕೆಯನ್ನು ಹಾಳುಗೆಡವುವ ಪ್ರಾಜಿಕ್ವಾಂಟೆಲ್ ಮಾತ್ರ ಯಕೃತ್ತಿನ ಹುಳುವಿಗೆ ನಾಟುವುದಿಲ್ಲ. ಆದ್ದರಿಂದ ಜಂತಿನ ಔಷಧಿ ಕೊಡಿಸುವ ಮೊದಲು ಸಗಣಿ ಪರೀಕ್ಷೆಯಿಂದ ಹುಳು ಯಾವುದೆಂದು ತಿಳಿಯಬೇಕಾಗುತ್ತದೆ.