ಅತ್ತೆಯನ್ನು ಮನೆಯಲ್ಲೇ ಉಳಿಸಿದ ಲೆಕ್ಕ

ಹೋದ ತಿಂಗಳು ಮೊಮ್ಮಗಳಿಗೆ ಜ್ವರ ಬಂದಿತ್ತು. ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು, “ತಾತ, ಈ ಕಾಯಿಲೆಗೆ ಇದೇ ಮಾತ್ರೆ ಅಂತ ಡಾಕ್ಟರಿಗೆ ಹೇಗೆ ಗೊತ್ತಾಯ್ತು?” ಎಂದಳು. “ಪುಸ್ತಕದಲ್ಲಿ ಓದಿರ್ತಾರೆ” ಎಂದೆ. “ಪುಸ್ತಕ ಬರೆದವರಿಗೆ?” ಎಂದು ಮತ್ತೆ ಕೇಳಿದಳು.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದೇ ನಿವೃತ್ತನಾದ ನನಗೆ ವೈದ್ಯಶಾಸ್ತ್ರ ತಿಳಿಯದು. ಆದರೆ ಅವಳ ಪ್ರಶ್ನೆಗೆ ಉತ್ತರವಾಗುವಂಥ ಒಂದು ಸಂಗತಿ ನಮ್ಮ ಮನೆಯಲ್ಲೇ ನಡೆದಿತ್ತು. ಅದನ್ನೇ ಹೇಳಿದೆ.

ಆಗ ನನಗೆ ಹನ್ನೊಂದು ವರ್ಷ. ನಮ್ಮ ಸೋದರತ್ತೆಗೆ ಎರಡು ತಿಂಗಳಿಂದ ಕೆಮ್ಮು, ಸಂಜೆಯಾದರೆ ಮೈಬಿಸಿ. ಕಫ ಪರೀಕ್ಷೆ ಮಾಡಿಸಿದಾಗ ಕ್ಷಯ ಎಂದು ಗೊತ್ತಾಯಿತು. ಆ ಹೆಸರನ್ನು ಜೋರಾಗಿ ಹೇಳಲೂ ಹೆದರುತ್ತಿದ್ದ ಕಾಲ. ಅಜ್ಜಿ ಅತ್ತೆಯ ತಟ್ಟೆ ಲೋಟಗಳನ್ನು ಬೇರೆ ಇಟ್ಟರು. ಅತ್ತೆಯ ಮಗಳಿಗೆ ಇನ್ನೂ ಮೂರು ವರ್ಷ. ತಾಯಿಯನ್ನು ಸ್ಯಾನಿಟೋರಿಯಂಗೆ ಕಳಿಸುವುದು, ಮಗುವನ್ನು ಬೇರೆಯವರ ಮನೆಯಲ್ಲಿ ಬಿಡುವುದು ಎಂದು ಹಿರಿಯರು ತೀರ್ಮಾನಿಸಿದ್ದರು. ಎಷ್ಟು ದಿನಕ್ಕೆ ಎಂದು ಯಾರೂ ಹೇಳುವಂತಿರಲಿಲ್ಲ.

ಆದರೆ ಆಸ್ಪತ್ರೆಯ ಡಾಕ್ಟರು ಬೇರೆಯೇ ಹೇಳಿದರು. “ಮನೆಯಲ್ಲೇ ಇರಲಿ. ಔಷಧಿ ಮಾತ್ರ ಒಂದು ದಿನವೂ ತಪ್ಪಕೂಡದು.”

“ಮಗುವಿಗೆ ಅಂಟಿಕೊಂಡರೆ ಏನು ಗತಿ ಡಾಕ್ಟರೇ?” ಎಂದರು ಅಜ್ಜಿ.

“ಮದ್ರಾಸಿನಲ್ಲಿ ಮಾಡಿ ನೋಡಿದ್ದಾರಮ್ಮ” ಎಂದರು ಅವರು.

ಆ ‘ಮಾಡಿ ನೋಡಿದ್ದಾರೆ’ ಎಂಬ ಮಾತಿನ ಹಿಂದೆ ಎಷ್ಟು ದುಡಿಮೆ ಇತ್ತು ಎಂಬುದು ನನಗೆ ತಿಳಿದದ್ದು ನಿವೃತ್ತನಾಗಿ ಓದಲು ಕುಳಿತ ಮೇಲೆ.

ಕ್ಷಯದ ಕ್ರಿಮಿಯನ್ನು ಕೊಲ್ಲುವ ಸ್ಟ್ರೆಪ್ಟೊಮೈಸಿನ್ ಅಮೆರಿಕದಲ್ಲಿ ಪತ್ತೆಯಾದದ್ದು 1943ರಲ್ಲಿ. ಯುದ್ಧ ಮುಗಿದ ಬ್ರಿಟನ್‌ಗೆ ಅದು ಸಿಕ್ಕಿದ್ದು ಸ್ವಲ್ಪವೇ. ಎಲ್ಲರಿಗೂ ಕೊಡುವಷ್ಟು ಇಲ್ಲದಿದ್ದಾಗ, ಇರುವುದನ್ನು ಸರಿಯಾಗಿ ಪರೀಕ್ಷಿಸೋಣ ಎಂದು ಅಲ್ಲಿನ ವೈದ್ಯಕೀಯ ಸಂಶೋಧನಾ ಮಂಡಳಿ ನಿರ್ಧರಿಸಿತು. ಲೆಕ್ಕದ ಯೋಜನೆ ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫರ್ಡ್ ಹಿಲ್ ಅವರದು. 107 ರೋಗಿಗಳಲ್ಲಿ 55 ಮಂದಿಗೆ ಔಷಧಿ ಮತ್ತು ವಿಶ್ರಾಂತಿ, 52 ಮಂದಿಗೆ ವಿಶ್ರಾಂತಿ ಮಾತ್ರ. ಯಾರು ಯಾವ ಗುಂಪಿಗೆ ಎಂಬುದನ್ನು ವೈದ್ಯರು ಆರಿಸಲಿಲ್ಲ. ಚೀಟಿ ಎತ್ತಿದಂತೆ ಹಂಚಿದರು. ವೈದ್ಯರೇ ಆರಿಸಿದರೆ, ಗುಣವಾಗುವ ಲಕ್ಷಣವಿದ್ದವರಿಗೇ ಔಷಧಿ ಹೋಗಿಬಿಡಬಹುದು. ಆಗ ಗುಣವಾದದ್ದು ಔಷಧಿಯಿಂದಲೋ ಅಲ್ಲವೋ ಹೇಗೆ ತಿಳಿಯಬೇಕು?

ಎಕ್ಸ್-ರೇ ನೋಡಿದವರಿಗೂ ಅದು ಯಾವ ಗುಂಪಿನ ರೋಗಿಯದು ಎಂದು ತಿಳಿಸಲಿಲ್ಲ. ಇದನ್ನು ಓದಿದಾಗ ನನಗೆ ಬ್ಯಾಂಕ್ ನೆನಪಾಯಿತು. ನಾನು ಬರೆದ ಎಂಟ್ರಿಯನ್ನು ನಾನೇ ಚೆಕ್ ಮಾಡುವಂತಿರಲಿಲ್ಲ. ಇನ್ನೊಬ್ಬರು ನೋಡಿ ಸಹಿ ಹಾಕಬೇಕಿತ್ತು. ನಾವು ಕಳ್ಳರೆಂದಲ್ಲ. ಮನುಷ್ಯನ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ, ಅದಕ್ಕೆ.

ಆರು ತಿಂಗಳಲ್ಲಿ ಔಷಧಿ ಪಡೆದವರಲ್ಲಿ 4 ಮಂದಿ, ಪಡೆಯದವರಲ್ಲಿ 14 ಮಂದಿ ತೀರಿಕೊಂಡಿದ್ದರು. 1948ರಲ್ಲಿ ಫಲಿತಾಂಶ ಪ್ರಕಟವಾಯಿತು. ಅದರಲ್ಲೇ ಎಚ್ಚರಿಕೆಯೂ ಇತ್ತು: ಒಂದೇ ಔಷಧಿ ಕೊಟ್ಟರೆ ಕೆಲವು ತಿಂಗಳಲ್ಲಿ ಕ್ರಿಮಿ ಅದಕ್ಕೆ ಜಗ್ಗದಂತಾಗುತ್ತದೆ. ಹಾಗಾಗಿ ಮುಂದೆ ಔಷಧಿಗಳನ್ನು ಜೊತೆ ಮಾಡಿ ಕೊಡುವ ಪದ್ಧತಿ ಬಂತು.

ನಮ್ಮ ದೇಶದ ಕಷ್ಟವೇ ಬೇರೆ. ರೋಗಿಗಳು ಲಕ್ಷ ಲಕ್ಷ, ಹಾಸಿಗೆಗಳು ಬೆರಳೆಣಿಕೆ. ಒಳ್ಳೆಯ ಊಟ, ಗಾಳಿ, ಪೂರ್ಣ ವಿಶ್ರಾಂತಿ ಇಲ್ಲದೆ ಬಡವನ ಗುಡಿಸಲಿನಲ್ಲಿ ಬರೀ ಔಷಧಿಯಿಂದ ಕ್ಷಯ ವಾಸಿಯಾದೀತೇ? ಇದನ್ನು ತಿಳಿಯಲು 1956ರಲ್ಲಿ ಮದ್ರಾಸಿನಲ್ಲಿ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರ ಶುರುವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ಅದೇ ಮಂಡಳಿ ಕೈಜೋಡಿಸಿದ್ದವು. 193 ಬಡ ರೋಗಿಗಳನ್ನು ಮತ್ತೆ ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪು ಸ್ಯಾನಿಟೋರಿಯಂಗೆ, ಇನ್ನೊಂದು ತಮ್ಮ ತಮ್ಮ ಮನೆಗೆ. ಇಬ್ಬರಿಗೂ ಒಂದು ವರ್ಷ ಐಸೋನಿಯಾಜಿಡ್ ಮತ್ತು ಪಿಎಎಸ್ ಎಂಬ ಔಷಧಿಗಳು. ಮನೆಯಲ್ಲಿದ್ದವರು ನುಂಗುತ್ತಿದ್ದಾರೋ ಇಲ್ಲವೋ ಎಂದು ಹೇಳದೆ ಕೇಳದೆ ಹೋಗಿ ನೋಡುತ್ತಿದ್ದರು.

1959ರಲ್ಲಿ ಲೆಕ್ಕ ಹೊರಬಂತು. ವರ್ಷದ ಕೊನೆಗೆ ರೋಗ ಹತೋಟಿಗೆ ಬಂದಿದ್ದು ಸ್ಯಾನಿಟೋರಿಯಂನಲ್ಲಿ ಶೇಕಡಾ 92, ಮನೆಯಲ್ಲಿ ಶೇಕಡಾ 86 ಮಂದಿಗೆ. ಊಟ ಕಡಿಮೆ, ಜಾಗ ಇಕ್ಕಟ್ಟು. ಆದರೂ ವ್ಯತ್ಯಾಸ ಅಷ್ಟೇ. ಮನೆಮಂದಿಯನ್ನೂ ಐದು ವರ್ಷ ಗಮನಿಸಿದರು. ರೋಗಿ ಮನೆಯಲ್ಲೇ ಉಳಿದದ್ದರಿಂದ ಅವರಿಗೆ ಹೆಚ್ಚಾಗಿ ರೋಗ ತಗುಲಲಿಲ್ಲ. ತಗುಲುವ ಅಪಾಯ ಹೆಚ್ಚಾಗಿ ಇದ್ದದ್ದು ಚಿಕಿತ್ಸೆಗೆ ಮುಂಚೆ.

ಅಜ್ಜಿಯ ಪ್ರಶ್ನೆಗೆ ಉತ್ತರ ಇದೇ ಆಗಿತ್ತು.

ಪಿಎಎಸ್ ನುಂಗಿದರೆ ಅತ್ತೆಗೆ ಹೊಟ್ಟೆ ತೊಳಸುತ್ತಿತ್ತು. ಆದರೂ ಬಿಡಲಿಲ್ಲ. ಪ್ರತಿದಿನ ಗೋಡೆಯ ಕ್ಯಾಲೆಂಡರಿನಲ್ಲಿ ಸರಿ ಗುರುತು ಹಾಕುವ ಕೆಲಸ ನನ್ನದು. ಒಂದು ವರ್ಷದ ಮೇಲೆ ಕಫ ಪರೀಕ್ಷೆಯಲ್ಲಿ ಕ್ರಿಮಿ ಕಾಣಲಿಲ್ಲ. ಮಗಳ ಮದುವೆ ಮಾಡಿ, ಮೊಮ್ಮಕ್ಕಳಿಗೆ ಎಣ್ಣೆ ನೀರು ಹಾಕುವವರೆಗೂ ಅತ್ತೆ ಬಾಳಿದರು.

ಈಗ ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧಿ ಸಾಕು. ಅದೂ ಇಂಥ ಪರೀಕ್ಷೆಗಳಿಂದಲೇ ತಿಳಿದದ್ದು. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಎರಡು ವಾರ ದಾಟಿದ ಕೆಮ್ಮನ್ನು ಅಲಕ್ಷಿಸಬೇಡಿ, ಗುಣವಾಯಿತೆಂದು ನಡುವೆ ಮಾತ್ರೆ ಬಿಡಬೇಡಿ. ಇಂದು ಸಂಶೋಧನೆಗೆ ಸೇರುವವರಿಗೆ ಎಲ್ಲವನ್ನೂ ವಿವರಿಸಿ ಒಪ್ಪಿಗೆ ಪಡೆಯಬೇಕು. ಬೇಡವೆನ್ನಿಸಿದರೆ ಅವರು ನಡುವೆಯೇ ಹೊರಬರಬಹುದು.

ಕಥೆ ಮುಗಿದಾಗ ಮೊಮ್ಮಗಳು, “ಆ ಮದ್ರಾಸಿನವರ ಹೆಸರೇನು ತಾತ?” ಎಂದಳು. ರೋಗಿಗಳ ಹೆಸರನ್ನು ಎಲ್ಲೂ ಅಚ್ಚು ಹಾಕುವುದಿಲ್ಲ ಮಗು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮಾತ್ರೆ ನುಂಗಿ ನೀರು ಕುಡಿದಳು.