ಮುಳ್ಳು ಸುಳ್ಳು ಹೇಳಿದರೆ

ಮನೆಯ ಅಂಗಳದಲ್ಲಿ ಕಾರು ಕಟ್ಟುತ್ತಾರೆಂದರೆ ದೊಡ್ಡ ಪೇಟೆಯವರು ನಕ್ಕಾರು. ಸದಲಗಾ, ಬೋರಗಾಂವ, ನಿಪ್ಪಾಣಿ ಕಡೆಯವರಿಗೆ ಇದು ನಗುವ ಮಾತಲ್ಲ. ಅತ್ತ ಕೊಲ್ಹಾಪುರದ ಫೌಂಡ್ರಿಗಳು, ಇತ್ತ ಇಚಲಕರಂಜಿಯ ವಿದ್ಯುತ್ ಮಗ್ಗಗಳು, ನಡುವೆ ಕಬ್ಬಿನ ಹೊಲಗಳಲ್ಲಿ ಟ್ರ್ಯಾಕ್ಟರು, ಟ್ರೇಲರು, ಪಂಪ್‌ಸೆಟ್ಟು. ವೆಲ್ಡಿಂಗ್ ಅಂಗಡಿಗೂ ಗುಜರಿ ಅಂಗಡಿಗೂ ಇಲ್ಲಿ ಬರವಿಲ್ಲ. ಯಂತ್ರ ಬಿಚ್ಚಿ ಜೋಡಿಸುವುದನ್ನು ನೋಡುತ್ತಲೇ ಬೆಳೆದ ಹುಡುಗರು ಒಂದು ದಿನ ಹಳೆಯ ಎಂಜಿನ್ ತಂದು ಅಂಗಳದಲ್ಲಿ ಇಳಿಸಿದರೆ ಆಶ್ಚರ್ಯವೇನು?

ಪಕ್ಕದ ಸಾಂಗ್ಲಿ ಜಿಲ್ಲೆಯ ದೇವರಾಷ್ಟ್ರೆ ಗ್ರಾಮದ ದತ್ತಾತ್ರೇಯ ಲೋಹಾರ್ ಅವರ ಸಂಗತಿ ಹಲವರಿಗೆ ನೆನಪಿರಬಹುದು. ಕಮ್ಮಾರಿಕೆ ಮಾಡುವ ಅವರು ಮಗನ ಆಸೆ ಪೂರೈಸಲು ಗುಜರಿ ಸಾಮಾನುಗಳಿಂದ ಸುಮಾರು 60 ಸಾವಿರ ರೂಪಾಯಿಯಲ್ಲಿ ನಾಲ್ಕು ಚಕ್ರದ ಗಾಡಿಯೊಂದನ್ನು ಕಟ್ಟಿದರು. ಬೈಕಿನಂತೆ ಒದ್ದು ಚಾಲೂ ಮಾಡುವ ಗಾಡಿ! 2021ರ ಡಿಸೆಂಬರಿನಲ್ಲಿ ಅದರ ವಿಡಿಯೋ ಕಂಡ ಉದ್ಯಮಿ ಆನಂದ್ ಮಹೀಂದ್ರಾ ಬದಲಿಗೆ ಹೊಸ ಬೊಲೆರೊ ಕೊಡುವುದಾಗಿ ಹೇಳಿದರು. 2022ರ ಜನವರಿಯಲ್ಲಿ ಕೊಟ್ಟೂ ಕೊಟ್ಟರು. ಆ ಜಾಣ್ಮೆಯನ್ನು ಮೆಚ್ಚುತ್ತಲೇ, ಈ ಗಾಡಿ ನಿಯಮಗಳಿಗೆ ಒಳಪಟ್ಟಿಲ್ಲ, ಇಂದಲ್ಲ ನಾಳೆ ಅಧಿಕಾರಿಗಳು ತಡೆದೇ ತಡೆಯುತ್ತಾರೆ ಎಂಬ ಮಾತನ್ನೂ ಅವರು ಆಡಿದ್ದರು.

ಅದು ಸರಿಯಾದ ಮಾತು. 1988ರ ಮೋಟಾರು ವಾಹನ ಕಾಯ್ದೆಯ 39ನೇ ಕಲಮಿನಂತೆ ನೋಂದಣಿಯಿಲ್ಲದ ವಾಹನ ಸಾರ್ವಜನಿಕ ರಸ್ತೆಗೆ ಇಳಿಯುವಂತಿಲ್ಲ. ನೋಂದಣಿಯಾದ ಕಾರನ್ನು ಮನಬಂದಂತೆ ಬದಲಾಯಿಸುವುದಕ್ಕೂ 52ನೇ ಕಲಮು ಅಡ್ಡ ಬರುತ್ತದೆ. ಹಾಗಾಗಿ ಮನೆಯಲ್ಲಿ ಕಟ್ಟಿದ ಗಾಡಿಯ ಜಾಗ ಸ್ವಂತ ಹೊಲದ ದಾರಿ ಮಾತ್ರ. ಆ ದಾರಿಯಲ್ಲೂ ಹಿಂದಿನ ಸೀಟಿನಲ್ಲಿ ಕೂರುವವರು ನಾವು, ನಮ್ಮ ಮಕ್ಕಳು. ಆದ್ದರಿಂದ ಸಹೋದರಿಯರೇ, "ಇದು ಗಂಡಸರ ವಿಷಯ" ಎಂದು ಪುಟ ತಿರುಗಿಸಬೇಡಿ.

ಗಾಡಿ ಕಟ್ಟುವ ಹುಡುಗರ ಮಾತೆಲ್ಲ ಎಂಜಿನ್ನಿನದು, ಬಣ್ಣದ್ದು. ವೇಗದ ಮೀಟರು ಅವರಿಗೆ ಕೊನೆಯ ಕೆಲಸ. ಬೇರೆ ಗಾಡಿಯ ಮೀಟರನ್ನು ತಂದು ಹೇಗೋ ಜೋಡಿಸಿ, ಮುಳ್ಳು ಅಲ್ಲಾಡಿದರೆ ಸಾಕು ಎನ್ನುತ್ತಾರೆ. ನನ್ನನ್ನು ಕೇಳಿದರೆ ಸತ್ತುಬಿದ್ದ ಮುಳ್ಳೇ ವಾಸಿ. ಅದನ್ನು ಯಾರೂ ನಂಬುವುದಿಲ್ಲ. ಅಲ್ಲಾಡುತ್ತಾ ಸುಳ್ಳು ಹೇಳುವ ಮುಳ್ಳನ್ನು ಎಲ್ಲರೂ ನಂಬುತ್ತಾರೆ.

ಹಳೆಯ ಮೀಟರು ಸರಳವಾದುದು. ಗೇರ್‌ಬಾಕ್ಸಿನಿಂದ ಬರುವ ಕೇಬಲ್ಲಿನ ತುದಿಯಲ್ಲಿ ಆಯಸ್ಕಾಂತ ತಿರುಗುತ್ತದೆ. ಅದರ ಸುತ್ತಲಿನ ಅಲ್ಯೂಮಿನಿಯಂ ಬಟ್ಟಲು ಆಯಸ್ಕಾಂತವನ್ನು ಮುಟ್ಟದೆಯೇ ಅದರ ಸೆಳೆತಕ್ಕೆ ಸಿಕ್ಕಿ ತಿರುಗಲು ನೋಡುತ್ತದೆ, ಒಂದು ಸಣ್ಣ ಸ್ಪ್ರಿಂಗು ಹಿಂದಕ್ಕೆ ಎಳೆಯುತ್ತದೆ. ಈ ಜಗ್ಗಾಟದ ನಡುವೆ ಮುಳ್ಳು ನಿಲ್ಲುವ ಜಾಗವೇ ವೇಗ. ಜರ್ಮನಿಯ ಒಟ್ಟೊ ಶುಲ್ಜೆ 1902ರಲ್ಲಿ ಪೇಟೆಂಟ್ ಪಡೆದ ಉಪಾಯವಿದು. ಇದರಲ್ಲಿ ಕೆಡುವುದು ಹೆಚ್ಚಾಗಿ ಕೇಬಲ್ಲೇ.

ಈಗಿನ ಮೀಟರಿಗೆ ಕೇಬಲ್ಲಿಲ್ಲ, ಸೆನ್ಸರ್ ಇದೆ. ಚಕ್ರಕ್ಕೋ ಗೇರ್‌ಬಾಕ್ಸಿನ ದಂಡಕ್ಕೋ ಅಂಟಿಸಿದ ಆಯಸ್ಕಾಂತ ಅಥವಾ ಕಬ್ಬಿಣದ ಹಲ್ಲು ತನ್ನ ಮುಂದೆ ಹಾದುಹೋದಾಗಲೆಲ್ಲ ಸೆನ್ಸರ್ ಒಂದು ಮಿಡಿತ ಕಳಿಸುತ್ತದೆ. ಮೀಟರು ಮಿಡಿತಗಳನ್ನು ಎಣಿಸಿ ವೇಗ ಹೇಳುತ್ತದೆ. ತಸ್ಬೀಹ್ ಎಣಿಸಿದ ಹಾಗೆಯೇ, ಮಣಿ ಒಂದು ಜಾರಿದರೆ ಲೆಕ್ಕ ತಪ್ಪಿತು. ಎರಡು ವಾಯರಿನ ಸೆನ್ಸರಿನಲ್ಲಿ ಸಾಮಾನ್ಯವಾಗಿ ಇರುವುದು ಬರೀ ತಂತಿಸುರುಳಿ ಮತ್ತು ಆಯಸ್ಕಾಂತ. ಮೂರು ವಾಯರಿನದು ಹಾಲ್ ಸೆನ್ಸರ್. ಅಮೆರಿಕದ ವಿಜ್ಞಾನಿ ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಗುಣವನ್ನು ಬಳಸುವುದರಿಂದ ಆ ಹೆಸರು. ಒಂದು ವಾಯರಿನಲ್ಲಿ ಕರೆಂಟು ಬರುತ್ತದೆ, ಒಂದು ಅರ್ಥಿಂಗು, ಮೂರನೆಯದು ಮಿಡಿತದ್ದು.

ಇನ್ನು ಸುಳ್ಳು ಹೇಗೆ ಹುಟ್ಟುತ್ತದೆ ನೋಡಿ. ಚಕ್ರಕ್ಕೆ ನಾಲ್ಕು ಆಯಸ್ಕಾಂತ ಅಂಟಿಸಿದ್ದಾರೆ ಎನ್ನೋಣ. ಒಂದು ಕಳಚಿ ಬಿದ್ದರೆ ನಾಲ್ಕರ ಬದಲು ಮೂರೇ ಮಿಡಿತ. ಗಾಡಿ 60ರಲ್ಲಿ ಓಡುತ್ತಿರುವಾಗ ಮೀಟರು 45 ತೋರಿಸುತ್ತದೆ! ಬೀಳಬೇಕೆಂದೇ ಇಲ್ಲ, ತಿರುಗಾಮುರುಗಾ ಅಂಟಿಸಿದರೂ ಸಾಕು. ಅನೇಕ ಹಾಲ್ ಸೆನ್ಸರುಗಳಿಗೆ ಆಯಸ್ಕಾಂತದ ಒಂದು ಮುಖ ಮಾತ್ರ ಕಾಣುತ್ತದೆ, ಇನ್ನೊಂದು ಮುಖ ಕಾಣುವುದೇ ಇಲ್ಲ.

ಟೈರಿನದು ಇನ್ನೊಂದು ಕತೆ. ಮಾರುತಿ 800ಕ್ಕೆ ಬರುತ್ತಿದ್ದ 145/70 ಆರ್ 12 ಅಳತೆಯ ಟೈರು ಒಂದು ಸುತ್ತಿಗೆ ಸುಮಾರು 1 ಮೀಟರು 60 ಸೆಂಟಿಮೀಟರು ಉರುಳುತ್ತದೆ. ಅಂದರೆ ಒಂದು ಕಿಲೋಮೀಟರಿಗೆ ಸುಮಾರು 627 ಸುತ್ತು. ಹೊಲದ ದಾರಿಗೆ ಎತ್ತರ ಬೇಕೆಂದು ಅದೇ ಮೀಟರಿಟ್ಟು 165/80 ಆರ್ 14 ಟೈರು ಹಾಕಿದರೆ ಸುತ್ತಿಗೆ 1 ಮೀಟರು 95 ಸೆಂಟಿಮೀಟರಿನಷ್ಟಾಗುತ್ತದೆ. ಮುಳ್ಳು 60 ಅಂದಾಗ ನಿಜವಾದ ವೇಗ 73. ಬರೀ 13 ಹೆಚ್ಚಲ್ಲವೇ ಎನ್ನಬೇಡಿ. ಬ್ರೇಕು ಒತ್ತಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರ ವೇಗದ ವರ್ಗದಂತೆ ಏರುತ್ತದೆ. 60ಕ್ಕೆ ಬೇಕಾದುದರ ಒಂದೂವರೆ ಪಟ್ಟು ದೂರ 73ಕ್ಕೆ ಬೇಕು. ಆ ಹೆಚ್ಚಿನ ಅರ್ಧದಲ್ಲಿ ದಾರಿ ದಾಟುವ ಮಗುವಿರಬಹುದು, ಕಬ್ಬಿನ ಟ್ರೇಲರಿರಬಹುದು. ಓಡಿದ ಕಿಲೋಮೀಟರಿನ ಲೆಕ್ಕವೂ ಇದೇ ಮಿಡಿತದಿಂದ ಬರುವುದರಿಂದ ಪೆಟ್ರೋಲಿನ ಲೆಕ್ಕ, ಆಯಿಲ್ ಬದಲಿಸುವ ಲೆಕ್ಕ ಎಲ್ಲವೂ ಕೆಡುತ್ತವೆ.

ಹಾಗಾದರೆ ದೋಷ ಹುಡುಕುವುದು ಹೇಗೆ? ಮೀಟರು ಕೆಟ್ಟಿತೆಂದು ಹೊಸ ಮೀಟರು ತರಲು ಓಡುವುದು ನಮ್ಮವರ ಅಭ್ಯಾಸ. ಹಣ ದಂಡ. ಮೊದಲು ಫ್ಯೂಸು ನೋಡಬೇಕು, ಆಮೇಲೆ ಅರ್ಥಿಂಗು. ಮನೆಯಲ್ಲಿ ಕಟ್ಟಿದ ಗಾಡಿಯಲ್ಲಿ ನಾನು ಮೊದಲು ಅನುಮಾನಿಸುವುದು ಅರ್ಥಿಂಗನ್ನೇ. ವೆಲ್ಡಿಂಗ್ ಮುಗಿದ ಚಾಸಿಗೆ ಎರಡು ಕೋಟು ಬಣ್ಣ ಬಳಿದು, ಆ ಬಣ್ಣದ ಮೇಲೆಯೇ ವಾಯರಿನ ಬೋಲ್ಟು ಬಿಗಿದಿರುತ್ತಾರೆ. ಬಣ್ಣದಲ್ಲಿ ಕರೆಂಟು ಹರಿಯುತ್ತದೆಯೇ? ಅಲ್ಲಿ ಉಜ್ಜಿ ಹೊಳೆಯುವ ಕಬ್ಬಿಣ ಕಾಣಿಸಿ, ಮತ್ತೆ ಬಿಗಿದು, ಮೇಲೆ ಸ್ವಲ್ಪ ಗ್ರೀಸು ಸವರಿದರೆ ಎಷ್ಟೋ ಸಲ ರೋಗ ಅಲ್ಲಿಗೇ ವಾಸಿಯಾಗುತ್ತದೆ. ದೂಧಗಂಗೆ, ಕೃಷ್ಣೆಯ ತೀರದ ಊರುಗಳಲ್ಲಿ 2019ರಲ್ಲೂ 2021ರಲ್ಲೂ ನೆರೆ ಬಂತು. ಅಂಥ ನೀರಿನಲ್ಲಿ ನಿಂತ ಗಾಡಿಗಳಿಂದ ಕಿತ್ತ ವಾಯರು ಗುಜರಿಯಿಂದ ಬಂದಿದ್ದರೆ ಅದರ ಜೋಡಣೆಗಳಲ್ಲಿ ಹಸಿರು ಕಿಲುಬು ಕಟ್ಟಿರುತ್ತದೆ. ಇಲಿ ಕಡಿದ ಗಾಯವನ್ನೂ ಹುಡುಕಿ.

ಮುಂದೆ ಸೆನ್ಸರಿನ ಪರೀಕ್ಷೆ. ಒಂದು ಸಾಧಾರಣ ಮಲ್ಟಿಮೀಟರು ಸಾಕು. ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ನೆಲದಲ್ಲೇ ಉಳಿಯುವ ಚಕ್ರಗಳಿಗೆ ಕಲ್ಲು ಕೊಟ್ಟು, ಸೆನ್ಸರ್ ಇರುವ ಚಕ್ರವನ್ನು ಜಾಕಿನಿಂದ ಎತ್ತಿ ಕೆಳಗೆ ಗಟ್ಟಿಯಾದ ಸ್ಟ್ಯಾಂಡು ಇಡಬೇಕು. ಜಾಕನ್ನೇ ನಂಬಿ ಯಾರೂ ಕೆಳಗೆ ನುಗ್ಗಬಾರದು. ಮಕ್ಕಳನ್ನು ದೂರವಿಡಿ. ಎಂಜಿನ್ ಆಫ್ ಮಾಡಿ, ಚಾವಿ ಮಾತ್ರ ಆನ್ ಇಟ್ಟು, ಚಕ್ರವನ್ನು ಕೈಯಿಂದಲೇ ತಿರುಗಿಸಿ. ಹಾಲ್ ಸೆನ್ಸರಾದರೆ ಮೊದಲ ವಾಯರಿನಲ್ಲಿ ಕರೆಂಟು ಇದೆಯೇ ನೋಡಿ. ಇದ್ದರೆ, ಚಕ್ರವನ್ನು ನಿಧಾನ ತಿರುಗಿಸಿದಂತೆ ಮಿಡಿತದ ವಾಯರಿನಲ್ಲಿ ವೋಲ್ಟೇಜು ಒಮ್ಮೆ ಸೊನ್ನೆಯ ಹತ್ತಿರಕ್ಕೆ, ಒಮ್ಮೆ ಮೇಲಕ್ಕೆ ಹೋಗಬೇಕು.

ಹೋಗದಿದ್ದರೆ ನಿಮ್ಮ ಸ್ಕಾರ್ಫಿನ ಆಯಸ್ಕಾಂತದ ಪಿನ್ನು ಕೆಲಸಕ್ಕೆ ಬರುತ್ತದೆ. ಅದನ್ನು ಸೆನ್ಸರಿನ ಮೂತಿಗೆ ಹಿಡಿಯಿರಿ, ತಿರುಗಿಸಿ ಇನ್ನೊಂದು ಮುಖವನ್ನೂ ಹಿಡಿಯಿರಿ. ಒಂದಕ್ಕಾದರೂ ವೋಲ್ಟೇಜು ಬದಲಾದರೆ ಸೆನ್ಸರ್ ಜೀವಂತ, ತಪ್ಪು ಇರುವುದು ಚಕ್ರದ ಕಡೆ. ಕಬ್ಬಿಣದ ಹಲ್ಲು ನೋಡುವ ಬಗೆಯ ಸೆನ್ಸರಿಗೆ ಪಿನ್ನು ಬೇಡ, ಮೂತಿಯ ಮುಂದೆ ಸ್ಕ್ರೂಡ್ರೈವರ್ ಆಡಿಸಿದರೆ ಸಾಕು. ಮೂತಿಯನ್ನು ಒರೆಸಲು ಮರೆಯಬೇಡಿ. ಆಯಸ್ಕಾಂತಕ್ಕೆ ಕಬ್ಬಿಣದ ಪುಡಿ ಗಡ್ಡದಂತೆ ಅಂಟಿರುತ್ತದೆ, ಮೇಲೆ ನಮ್ಮ ಕಡೆಯ ಎರೆ ಮಣ್ಣು ಬೇರೆ. ಸೆನ್ಸರಿಗೂ ಅದು ನೋಡುವ ಹಲ್ಲಿಗೂ ನಡುವೆ ಸುಮಾರು ಒಂದು ಮಿಲಿಮೀಟರ್ ಸಂದು ಸಾಮಾನ್ಯ. ಬೇರಿಂಗು ಸವೆದು ಚಕ್ರ ಅಲ್ಲಾಡಿದರೆ ಸಂದು ಹೆಚ್ಚುಕಡಿಮೆಯಾಗಿ ಮಿಡಿತ ತಪ್ಪುತ್ತದೆ.

ಎರಡು ವಾಯರಿನ ಸೆನ್ಸರಿಗೆ ಹೊರಗಿನ ಕರೆಂಟು ಬೇಡ. ಚಕ್ರ ತಿರುಗಿದಾಗ ಅದೇ ಸಣ್ಣ ವೋಲ್ಟೇಜು ಹುಟ್ಟಿಸುತ್ತದೆ. ಮಲ್ಟಿಮೀಟರನ್ನು ಎ.ಸಿ.ಗೆ ತಿರುಗಿಸಿ ನೋಡಬೇಕು. ನಿಧಾನ ಹೋದಾಗ ಮುಳ್ಳು ಮಲಗಿ, ವೇಗ ಏರಿದ ಮೇಲೆ ಏಳುತ್ತಿದ್ದರೆ ಈ ಬಗೆಯ ಸೆನ್ಸರ್ ದೂರವಾಗಿದೆ ಎಂಬ ಗುಮಾನಿ ಬರಬೇಕು.

ಇನ್ನೊಂದು ವಿಚಿತ್ರವುಂಟು. ಗಾಡಿ ನಿಂತಲ್ಲೇ ನಿಂತಿದೆ, ನ್ಯೂಟ್ರಲ್‌ನಲ್ಲಿದೆ, ಎಕ್ಸಲೇಟರ್ ಒತ್ತಿದರೆ ಮುಳ್ಳು ಕುಣಿಯುತ್ತದೆ. ಸೆನ್ಸರಿನ ತಪ್ಪಲ್ಲ. ಮಿಡಿತದ ವಾಯರನ್ನು ಸ್ಪಾರ್ಕ್ ಪ್ಲಗ್ಗಿನ ದಪ್ಪ ವಾಯರಿನ ಜೊತೆ ಒಂದೇ ಕಟ್ಟಿನಲ್ಲಿ ಸುತ್ತಿರುತ್ತಾರೆ, ಅದರ ಗದ್ದಲವನ್ನೆಲ್ಲ ಮೀಟರು ಮಿಡಿತವೆಂದು ಎಣಿಸುತ್ತದೆ. ವಾಯರನ್ನು ದೂರ ಸರಿಸಿ. ಜಾಲರಿ ಹೊದಿಕೆಯ ವಾಯರು ಹಾಕಿ ಆ ಹೊದಿಕೆಗೆ ಒಂದೇ ತುದಿಯಲ್ಲಿ ಅರ್ಥಿಂಗು ಕೊಟ್ಟರೆ ಇನ್ನೂ ಒಳ್ಳೆಯದು.

ಇಷ್ಟೆಲ್ಲ ಸರಿಯಿದ್ದೂ ಮುಳ್ಳು ಏಳದಿದ್ದರೆ ಮಾತ್ರ ಮೀಟರನ್ನು ಬಿಚ್ಚಿರಿ. ಎದ್ದಿತೆಂದು ಖುಷಿಪಟ್ಟು ಅಲ್ಲಿಗೇ ಬಿಡುವುದೂ ಬೇಡ. ಕೆಲವು ಮೀಟರುಗಳಲ್ಲಿ ಚಕ್ರದ ಸುತ್ತಳತೆಯನ್ನು ತುಂಬಿಸಲು ಬರುತ್ತದೆ. ಟೈರಿಗೆ ಸುಣ್ಣದ ಗುರುತು ಹಾಕಿ, ಜನ ಕುಳಿತಿರುವಾಗಲೇ ಒಂದು ಸುತ್ತು ಉರುಳಿಸಿ, ನೆಲದ ಮೇಲೆ ಟೇಪಿನಿಂದ ಅಳೆದರೆ ಆ ಸಂಖ್ಯೆ ಸಿಗುತ್ತದೆ. ಹೊಲಿಗೆಯ ಟೇಪೇ ಸಾಕು.

ಕೊನೆಗೆ ಮುಳ್ಳಿನ ಸಾಚಾತನ ನೋಡುವ ಕೆಲಸ ಹಿಂದಿನ ಸೀಟಿನವರದು. ಹೊಲದ ನೇರ ದಾರಿಯಲ್ಲಿ ಟೇಪಿನಿಂದಲೇ 100 ಮೀಟರು ಅಳೆದು ಎರಡು ಗೂಟ ನೆಡಿಸಿ. ಚಾಲಕ ಮುಳ್ಳನ್ನು 30ರಲ್ಲಿ ನಿಲ್ಲಿಸಿ ಓಡಿಸಲಿ, ಗೂಟದಿಂದ ಗೂಟಕ್ಕೆ ನೀವು ಗಡಿಯಾರ ನೋಡಿ. 12 ಸೆಕೆಂಡು ಹಿಡಿದರೆ ಮುಳ್ಳು ನಿಜ ಹೇಳುತ್ತಿದೆ. 9 ಸೆಕೆಂಡಿಗೇ ಎರಡನೆಯ ಗೂಟ ಬಂತೆಂದರೆ ಗಾಡಿ 40ರಲ್ಲಿದೆ. ಗಾಡಿ ನಿಲ್ಲಿಸಲು ಹೇಳಿ, ಚಕ್ರದ ಆಯಸ್ಕಾಂತಗಳನ್ನು ಎಣಿಸಿ ನೋಡಿ.