ಬಾಯಿಯ ಕ್ಯಾನ್ಸರ್: ಮಕ್ಕಳಿಗೆ ಕಲಿಸಬೇಕಾದ ಪಾಠ

ಸಪ್ತವ್ಯಸನಗಳ ತ್ಯಾಗವನ್ನು ನಮ್ಮ ಪಾಠಶಾಲೆಗಳಲ್ಲಿ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಜೂಜು, ಮದ್ಯ, ಮಾಂಸ ಆ ಪಟ್ಟಿಯಲ್ಲಿವೆ, ತಂಬಾಕಿನ ಹೆಸರಿಲ್ಲ. ಅದಕ್ಕೇ ಇರಬೇಕು, ಮದ್ಯ-ಮಾಂಸ ಮುಟ್ಟದ ಮನೆಗಳಲ್ಲಿಯೂ ತಂಬಾಕಿನ ಚಂಚಿ, ಮಿಶ್ರಿಯ ಡಬ್ಬಿ ಉಳಿದುಕೊಂಡಿವೆ. ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಕಡೆ ಸುಟ್ಟ ತಂಬಾಕಿನ ಈ ಪುಡಿಯಿಂದ ಹಲ್ಲುಜ್ಜುವುದನ್ನು ಚಟವೆಂದು ಭಾವಿಸದ ಹಿರಿಯರು ಇದ್ದಾರೆ.

ನಮ್ಮ ದೇಶದಲ್ಲಿ 2020ರಲ್ಲಿ ಸುಮಾರು 1.35 ಲಕ್ಷ ಜನರಿಗೆ ಹೊಸದಾಗಿ ತುಟಿ ಮತ್ತು ಬಾಯಿಯ ಕ್ಯಾನ್ಸರ್ ತಗುಲಿತೆಂದು ಅಂದಾಜು. 2019ರ ಸಮೀಕ್ಷೆಯಲ್ಲಿ 13ರಿಂದ 15 ವರ್ಷದ ಶಾಲಾಮಕ್ಕಳಲ್ಲಿ ಶೇಕಡಾ 8.5 ಮಂದಿ ತಂಬಾಕು ಬಳಸುತ್ತಿದ್ದುದು ಕಂಡುಬಂತು. ಆದ್ದರಿಂದ ಕಾಲೇಜಿಗೆ ಹೋಗುವವರೆಗೆ ಕಾಯದೆ, ಐದನೆಯ ತರಗತಿಯಲ್ಲಿಯೇ ಈ ಪಾಠ ಆರಂಭವಾಗಬೇಕು.

ಮಕ್ಕಳಿಗೆ ಮೊದಲು ತಿಳಿಸಬೇಕಾದದ್ದು, ತಂಬಾಕಿಲ್ಲದ ಅಡಿಕೆಯೂ ನಿರಪಾಯಕಾರಿಯಲ್ಲ ಎಂಬುದು. ಅಡಿಕೆಯೊಂದೇ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಪ್ರಕಟಿಸಿದೆ. ಸಿಹಿ ಸುಪಾರಿ, ಮಾವಾ ಜಗಿಯುವವರ ಕೆನ್ನೆಯ ಒಳಪದರ ಬಿಗಿದು, ಬಾಯಿ ತೆರೆಯುವುದೇ ಕಷ್ಟವಾಗಬಹುದು. ಖಾರ ತಿಂದರೆ ಉರಿಯುವುದು ಇದರ ಮೊದಲ ಲಕ್ಷಣಗಳಲ್ಲೊಂದು. ಈ ಸ್ಥಿತಿ ಮುಂದೆ ಕ್ಯಾನ್ಸರಿಗೆ ತಿರುಗುವ ಸಂಭವವಿದೆ.

ಎರಡನೆಯದು ಕನ್ನಡಿಯ ಪಾಠ. ಕೈ ತೊಳೆದು, ಬೆಳಕಿನಲ್ಲಿ ನಿಂತು ತುಟಿ, ಕೆನ್ನೆಯ ಒಳಭಾಗ, ಒಸಡು, ನಾಲಿಗೆಯ ಅಂಚು ಮತ್ತು ಅಡಿಭಾಗ, ಅಂಗಳ ಇವನ್ನು ನೋಡಿಕೊಳ್ಳಬೇಕು. ಬಿಳಿ ಅಥವಾ ಕೆಂಪು ಕಲೆ, ಗಂಟು, ಎರಡು ವಾರವಾದರೂ ಮಾಯದ ಹುಣ್ಣು ಕಂಡರೆ ದಂತವೈದ್ಯರ ಬಳಿ ಹೋಗಬೇಕು. ತಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿದರೆ ಹಲ್ಲುಗಳ ನಡುವೆ ಹಿಡಿಸುತ್ತವೆಯೇ ಎಂದೂ ಪರೀಕ್ಷಿಸಬಹುದು. ಪ್ರಾರಂಭದಲ್ಲೇ ಪತ್ತೆಯಾದರೆ ಗುಣವಾಗುವ ಅವಕಾಶ ಬಹಳ ಹೆಚ್ಚು. ಹೆದರಿಸುವ ಚಿತ್ರಗಳಿಗಿಂತ ಮಕ್ಕಳು ಮನೆಗೆ ಒಯ್ಯುವ ಈ ಅಭ್ಯಾಸ ಹೆಚ್ಚು ಉಪಯುಕ್ತ.

2003ರ ಕಾಯಿದೆಯಂತೆ 18 ವರ್ಷದೊಳಗಿನವರಿಗೆ ಮತ್ತು ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ. ಆದರೆ ಹಿರಿಯರೇ ಮೊಮ್ಮಗನ ಕೈಗೆ ಹಣ ಕೊಟ್ಟು ಪಾನಪಟ್ಟಿ ಅಂಗಡಿಗೆ ಕಳುಹಿಸಿದರೆ ಕಾಯಿದೆ ಏನು ಮಾಡೀತು? “ಅಜ್ಜಾ, ಇದನ್ನು ನಾನು ತರೂದಿಲ್ಲ” ಎಂದು ಮಗು ವಿನಯದಿಂದ ಹೇಳಿದರೆ ಗದರಿಸಬಾರದು. ಅಜ್ಜನ ಬಾಯಿಯನ್ನೂ ವೈದ್ಯರಿಗೆ ತೋರಿಸಲು ಅದೇ ಸುಸಂದರ್ಭ.

ದಶಲಕ್ಷಣ ಪರ್ವದ ಆರನೆಯ ದಿನ ಉತ್ತಮ ಸಂಯಮದ್ದು. ಆ ದಿನ ಬಸದಿಯಲ್ಲಿ ಪ್ರವಚನದ ನಂತರ ಸ್ಥಳೀಯ ದಂತವೈದ್ಯರನ್ನು ಕರೆಯಿಸಿ, ಮಕ್ಕಳಿಗೆ ಅರ್ಧ ಗಂಟೆ ಈ ಪಾಠ ಹೇಳಿಸಿ, ಹಿರಿಯರ ಬಾಯಿಯ ತಪಾಸಣೆಯನ್ನೂ ನಡೆಸಬಹುದು. ಊರೂರಿನ ಮಹಿಳಾ ಮಂಡಳಗಳು, ಯುವಕ ಸಂಘಗಳು ಈ ಕಾರ್ಯಕ್ಕೆ ಮುಂದಾಗಲಿ.